ಚಾಕಿ ಕೋಣೆಯ ಕಾವು

ಇಲ್ಲಿ ಏನಾದರೂ ಬರೆದು ನಾಲ್ಕು ತಿಂಗಳ ಮೇಲಾಯ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ. ಆಫೀಸು, ರೂಮು, ಮತ್ತೆ ಆಫೀಸು... ಮೊನ್ನೆ ಸಿಯಾಟಲ್‌ನಿಂದ ಹಳೆಯ ಸಹೋದ್ಯೋಗಿಯೊಬ್ಬ ಒಂದು ಫೋಟೋ ಕಳಿಸಿದ್ದ. ಅವನ ದೋಣಿಯೊಳಗಿನ ಪುಟ್ಟ ಕೋಣೆ, ನೆಲದ ಹತ್ತಿರ ಟ್ಯೂಬ್‌ಲೈಟಿನ ತುಂಡಿನಂಥ ಒಂದು ಬಿಳಿ ಹೀಟರು. ಕೆಳಗೆ, "ಮೂರು ವಾರ ಊರಲ್ಲಿರಲ್ಲ. ನಿನ್ನ ಹುಳುಗಳು ಹೇಗಿವೆ?" ಅಂತ ಕೇಳಿದ್ದ.

ಪಕ್ಕದಲ್ಲಿ ಕೂತಿದ್ದ ಗೆಳೆಯ ಅದನ್ನು ಓದಿ ನನ್ನ ಮುಖ ನೋಡಿದ. ದೋಣಿಗೂ ಹುಳುವಿಗೂ ಏನು ಸಂಬಂಧ ಅಂತ ಅವನಿಗೆ ಹೇಳೋಕೆ ಹೋಗಿ ಊಟದ ಹೊತ್ತು ಮುಗಿದೇ ಹೋಯ್ತು. ಅದನ್ನೇ ಇಲ್ಲಿ ಬರೆದುಬಿಡೋಣ ಅಂತ.

ನಮ್ಮದು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ ತೆರಕಣಾಂಬಿಯಿಂದ ಒಳಗೆ ಹೋದರೆ ಸಿಗುವ ಹಳ್ಳಿ. ಬೇಸಿಗೆಯಲ್ಲಿ ಊಟಿಗೆ ಹೋಗುತ್ತಾ ಗುಂಡ್ಲುಪೇಟೆಯಲ್ಲಿ ಕಾಫಿಗೆ ಇಳಿದವರಿಗೆ ಅಲ್ಲಿ ಚಳಿ ಅಂದರೆ ನಗು ಬರಬಹುದು. ಆದರೆ ಅದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಜಾಗ. ಆಚೆಗಿರುವ ಹಿಮವದ್ ಗೋಪಾಲಸ್ವಾಮಿ ಬೆಟ್ಟ 1454 ಮೀಟರ್. ಡಿಸೆಂಬರ್, ಜನವರಿಯಲ್ಲಿ ನಮ್ಮ ಮನೆಯ ಗೋಡೆಗೆ ತೂಗುಹಾಕಿದ ತಾಪಮಾಪಕದಲ್ಲಿ ಬೆಳಗಿನ ಜಾವ 16, 17. ಒಂದೊಂದು ದಿನ 14. ಮನುಷ್ಯರಾದರೆ ಇನ್ನೊಂದು ಕಂಬಳಿ ಎಳೆದುಕೊಳ್ಳುತ್ತಾರೆ. ಆಗತಾನೇ ಮೊಟ್ಟೆ ಒಡೆದು ಬಂದ ರೇಷ್ಮೆ ಹುಳು ಏನು ಮಾಡಬೇಕು?

ರೇಷ್ಮೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆಯನ್ನು ಸೇರಿಸಿ ರೈತರ ಲೆಕ್ಕದಲ್ಲಿ 'ಒಂದು ಮೊಟ್ಟೆ' ಅಂತಾರೆ. ಅದರಲ್ಲಿ ನಾನೂರು ಐನೂರು ಹುಳು. ನಾವು ಸಾಕೋದು ನೂರು ಮೊಟ್ಟೆ, ಅಂದರೆ ನಲವತ್ತು ಐವತ್ತು ಸಾವಿರ ಜೀವ. ಹುಟ್ಟಿದಾಗ ಇರುವೆಗಿಂತ ಸಣ್ಣದು, ಒಂದು ಹುಳು ಅರ್ಧ ಮಿಲಿಗ್ರಾಂ ಕೂಡ ತೂಗೋದು ಕಷ್ಟ. ಇಪ್ಪತ್ತೈದು ದಿನದಲ್ಲಿ ಅದೇ ಹುಳು ಹತ್ತು ಸಾವಿರ ಪಟ್ಟು ಬೆಳೆಯುತ್ತೆ. ನಡುವೆ ನಾಲ್ಕು ಸಲ ತಿನ್ನೋದು ಬಿಟ್ಟು ಪೊರೆ ಕಳಚುತ್ತೆ. ಅದಕ್ಕೆ ನಮ್ಮ ಕಡೆ 'ಜ್ವರ' ಅಂತಾರೆ. ಎರಡನೇ ಜ್ವರ ಏಳುವವರೆಗಿನ ಹುಳುವೇ ಚಾಕಿ ಹುಳು. ಈ ಮೊದಲ ವಾರ ಅವಕ್ಕೆ 27, 28 ಡಿಗ್ರಿ ಕಾವು, ನೂರಕ್ಕೆ 85ರಷ್ಟು ತೇವ ಬೇಕು. ದೊಡ್ಡವಾದ ಮೇಲೆ 24, 25 ಸಾಕು. ಚಾಕಿಯಲ್ಲಿ ಕಾವು ಕಡಿಮೆಯಾದರೆ ತಕ್ಷಣ ಸಾಯಲ್ಲ. ಸುಮ್ಮನೆ ಸೊಪ್ಪಿನ ಮೇಲೆ ಬಿದ್ದಿರುತ್ತವೆ. ಒಂದು ತಟ್ಟೆ ಜ್ವರಕ್ಕೆ ಹೋದಾಗ ಇನ್ನೊಂದು ತಟ್ಟೆ ಇನ್ನೂ ತಿನ್ನುತ್ತಿರುತ್ತೆ, ಕೊನೆಗೆ ಹಣ್ಣಾಗೋದೂ ಹಿಂದೆ ಮುಂದೆ. ಮೊದಲ ವಾರದ ತಪ್ಪನ್ನು ನಾಲ್ಕನೇ ವಾರದಲ್ಲಿ ಗೂಡು ತೂಗುವಾಗ ಕಟ್ಟಬೇಕು.

ಈಗ ಹೆಚ್ಚಿನವರು ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳುವನ್ನೇ ತಂದುಬಿಡುತ್ತಾರೆ. ಅದೇ ಜಾಣತನ ಕೂಡ. ಆದರೆ ನಮ್ಮಪ್ಪ ಚಾಕಿ ತಾವೇ ಕಟ್ಟಬೇಕು ಅನ್ನೋ ಹಟದವರು. ಹಿಂದೆ ಸಂತೇಮರಹಳ್ಳಿಯಲ್ಲಿ ಸರ್ಕಾರದ ರೇಷ್ಮೆ ಕಾರ್ಖಾನೆ ಇದ್ದ ಕಾಲ, ನಮ್ಮ ಸೀಮೆಯ ಮನೆಮನೆಯಲ್ಲೂ ತಟ್ಟೆ, ಚಂದ್ರಿಕೆ ಇದ್ದ ಕಾಲದ ಮನುಷ್ಯ. ಅಕ್ಕಪಕ್ಕದವರು ಅರಿಸಿನ, ಬಾಳೆ, ಚೆಂಡು ಹೂವಿಗೆ ಹೋದರೂ ಅಪ್ಪ ಹಿಪ್ಪುನೇರಳೆ ಕೀಳಲಿಲ್ಲ. ಮನೆ ಹಿಂದೆ ಹತ್ತಡಿ ಅಗಲ ಹತ್ತಡಿ ಉದ್ದದ ಒಂದು ಹೆಂಚಿನ ಕೋಣೆ ಇದೆ. ಅದೇ ಚಾಕಿ ಕೋಣೆ.

ಚಳಿಗಾಲದಲ್ಲಿ ಆ ಕೋಣೆಗೆ ಕಾವು ಕೊಡೋ ರೀತಿ ನಾನು ಹುಟ್ಟಿದಾಗಿಂದ ಒಂದೇ. ಕಬ್ಬಿಣದ ಬಾಂಡ್ಲಿಯಲ್ಲಿ ಇದ್ದಿಲು. ಅಂಗಳದಲ್ಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ಕೆಂಪಾದ ಮೇಲೆ ಒಳಗೆ ತಂದಿಡೋದು. ಕಿಟಕಿಗೆ ಗೋಣಿಚೀಲ, ಬಾಗಿಲ ಸಂದಿಗೆ ಹಳೇ ಪಂಚೆ. ಕೆಂಡ ಆರಬಾರದಲ್ಲ, ಅದಕ್ಕೆ ಅಪ್ಪ ಅಲ್ಲೇ ಚಾಪೆ ಹಾಸಿ ಮಲಗೋರು. ಏಳು ರಾತ್ರಿ.

2023ರ ಜನವರಿಯಲ್ಲಿ ಒಂದು ಬೆಳಗಿನ ಜಾವ ನಾಲ್ಕಕ್ಕೆ ಅವ್ವ ಕಾಫಿ ಕಾಯಿಸೋಕೆ ಎದ್ದವರು, ಚಾಕಿ ಕೋಣೆಯ ಬಾಗಿಲು ಬಡಿದರೆ ಅಪ್ಪ ಓಗೊಡಲಿಲ್ಲ. ತಳ್ಳಿ ನೋಡಿದರೆ ಚಾಪೆಯಿಂದ ಅರ್ಧ ಹೊರಗೆ ಬಿದ್ದಿದ್ದಾರೆ, ವಾಂತಿ ಆಗಿದೆ, ಕೂಗಿದರೆ ಕಣ್ಣು ಬಿಡ್ತಾರೆ, ಮಾತಿಲ್ಲ. ಪಕ್ಕದ ಮನೆಯ ಗೂಡ್ಸ್ ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ನನಗೆ ಬೆಂಗಳೂರಿಗೆ ಫೋನು ಬಂದಾಗ ಐದೂವರೆ. "ಅಪ್ಪನ್ಗ ಗಾಳಿ ಹೊಡ್ದದ ಮಗಾ" ಅಂದರು ಅವ್ವ. ಗಾಳಿ ಅಂದರೆ ದೆವ್ವ. ಅವ್ವನ ಪ್ರಕಾರ ಅದು ಹುಣಸೆಮರದ್ದು. ಡಾಕ್ಟರು ಮಾತ್ರ ಆಕ್ಸಿಜನ್ ಹಾಕಿ, ರಾತ್ರಿ ಎಲ್ಲಿ ಮಲಗಿದ್ರಿ ಅಂತ ಕೇಳಿದರಂತೆ.

ಒಂದು ಲೆಕ್ಕದಲ್ಲಿ ಅವ್ವ ಹೇಳಿದ್ದೂ ಸರಿ ಅನ್ನಿ. ಗಾಳಿಯೇ ಹೊಡೆದದ್ದು. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿಯುತ್ತಾ ಹೋದಂತೆ ಹುಟ್ಟೋದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಹೊಗೆ ಹೋದ ಮೇಲೆ ಕೆಂಡ ಒಳಗೆ ತಂದರೆ ಅಪಾಯ ಇಲ್ಲ ಅಂತ ನಾವೆಲ್ಲ ನಂಬಿದ್ದೆವಲ್ಲ, ಹೊಗೆ ಇದ್ದಿದ್ದರೆ ಕೆಮ್ಮಾದರೂ ಬಂದು ಎಚ್ಚರವಾಗ್ತಿತ್ತು! ನಾನು ಮಧ್ಯಾಹ್ನ ಊರು ತಲುಪಿದವನು ಚಾಕಿ ಕೋಣೆಗೆ ಹೋಗಿ ನೋಡಿದೆ. ಹುಳುಗಳು ಆರಾಮಾಗಿ ಸೊಪ್ಪು ತಿನ್ನುತ್ತಿದ್ದವು. ಅವಕ್ಕೆ ಹಿಮೋಗ್ಲೋಬಿನ್ ಇಲ್ಲ, ಮೈ ಪಕ್ಕದ ಒಂಬತ್ತು ಜೊತೆ ತೂತಿನಿಂದ ಗಾಳಿ ನೇರ ಒಳಗೆ ಹೋಗುತ್ತೆ. ಮನುಷ್ಯನಷ್ಟು ಬೇಗ ಈ ವಿಷ ಅವಕ್ಕೆ ತಾಗೋದಿಲ್ಲ. ಇದೆಲ್ಲ ಆಮೇಲೆ ಓದಿ ತಿಳಿದದ್ದು. ಆವತ್ತು ಮಾತ್ರ ಆ ಚರಚರ ಸದ್ದು ಕೇಳಿ ನನಗೆ ವಿಪರೀತ ಸಿಟ್ಟು ಬಂದಿತ್ತು.

ಅಪ್ಪ ಎರಡು ದಿನಕ್ಕೆ ಮನೆಗೆ ಬಂದರು. ಮೂರನೇ ರಾತ್ರಿ ಚಾಪೆ ತಗೊಂಡು ಮತ್ತೆ ಅದೇ ಕೋಣೆಗೆ ಹೊರಟರು. ನಾನು ಕೂಗಾಡಿದೆ. "ಹುಳ ಬುಟ್ಟು ನಾ ಎಲ್ ಮಲಗ್ಲಿ ಮಗಾ? ಯಾರ್ ನೋಡ್ಕತರ ಅದ?" ಅಂದರು. ಕಿಟಕಿಯ ಗೋಣಿಚೀಲ ತೆಗೆಸಿದ್ದಷ್ಟೇ ನನ್ನ ಗೆಲುವು.

ಅದೇ ವರ್ಷ ಕೊನೆಗೆ ಕಂಪನಿಯವರು ನಾಲ್ಕು ತಿಂಗಳಿಗೆ ಸಿಯಾಟಲ್‌ಗೆ ಕಳಿಸಿದರು. ಅಲ್ಲಿ ಈ ದೋಣಿಯ ಮನುಷ್ಯನ ಪರಿಚಯ. ಊರ ನಡುವೆಯೇ ಲೇಕ್ ಯೂನಿಯನ್ ಅಂತ ಕೆರೆ ಇದೆ, ಅದರ ದಡದಲ್ಲಿ ಅವನ ದೋಣಿ ಕಟ್ಟಿರುತ್ತೆ. 2024ರ ಜನವರಿಯಲ್ಲಿ ಅಲ್ಲಿ ಕೆಲವು ದಿನ ಸೊನ್ನೆಗಿಂತ ಕೆಳಗೆ ಹೋಯ್ತು. ಅವನು ಆಗ ಅಮ್ಮನ ಮನೆಗೆ ಹೊರಟಿದ್ದ. ದೋಣಿಗೆ ಯಾರು ಗತಿ ಅಂತ ಕೇಳಿದ್ದಕ್ಕೆ ಕರೆದುಕೊಂಡು ಹೋಗಿ ತೋರಿಸಿದ.

ನಾನು ಏನೋ ದೊಡ್ಡ ಯಂತ್ರ ಇರುತ್ತೆ ಅಂದುಕೊಂಡಿದ್ದೆ. ನೋಡಿದರೆ ಅದೇ ಬಿಳಿ ಕೊಳವೆ, ನೂರು ವ್ಯಾಟಿನೊಳಗಿನದು. ನಮ್ಮ ಹಳೇ ಬಲ್ಬಿನಷ್ಟು! ದೋಣಿಯಲ್ಲಿ ಡೀಸೆಲ್ ಹೀಟರು ಬೇರೆ ಇತ್ತು, ಆದರೆ ಅದನ್ನು ಪೂರ್ತಿ ಆರಿಸಿದ್ದ. ತಾನಿಲ್ಲದಾಗ ದೋಣಿಯಲ್ಲಿ ಬೆಂಕಿ ಇರಬಾರದು ಅನ್ನೋದು ಅವನ ನಿಯಮ. ಇಷ್ಟರಲ್ಲಿ ಕೋಣೆ ಬೆಚ್ಚಗಾಗುತ್ತಾ ಅಂದೆ. ಬೆಚ್ಚಗಾಗೋಕೆ ಒಳಗೆ ಯಾರಿದ್ದಾರೆ ಅಂದ. ಪೈಪಿನ ನೀರು ಹೆಪ್ಪುಗಟ್ಟಬಾರದು (ಹೆಪ್ಪುಗಟ್ಟಿದ ನೀರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತೆ, ಎಂಜಿನ್ ಸೀಳಿಹೋಗುತ್ತೆ), ಹಾಸಿಗೆಗೆ ಬೂಷ್ಟು ಹಿಡಿಯಬಾರದು, ಅಷ್ಟು ಸಾಕಂತೆ. ಗ್ಯಾಸ್ ಒಲೆ ಹಚ್ಚಿದರೆ ಇನ್ನೂ ಕೆಟ್ಟದ್ದು. ಒಂದು ಕೆಜಿ ಗ್ಯಾಸು ಉರಿದರೆ ಒಂದೂವರೆ ಕೆಜಿಗೂ ಹೆಚ್ಚು ನೀರಾವಿ ಹುಟ್ಟಿ ತಣ್ಣನೆಯ ಗೋಡೆಯ ಮೇಲೆಲ್ಲ ಹನಿಯಾಗಿ ಇಳಿಯುತ್ತೆ. ಕೊನೆಗೆ ಆ ಕೊಳವೆಯ ಮೇಲೆ ಕೈಯಿಟ್ಟು, ಇದರ ಸ್ವಿಚ್ಚು ಕೆಟ್ಟು ಮೂರು ವಾರ ಆರದೇ ಉರಿದರೂ ನನ್ನ ದೋಣಿ ಸುಡೋದಿಲ್ಲ, ಅದಕ್ಕೇ ಸಣ್ಣದು ಅಂದ.

ಆ ಮಾತು ಆವತ್ತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅದರ ಕಥೆ ಮುಂದೆ ಬರುತ್ತೆ.

2024ರ ನವೆಂಬರಿನಲ್ಲಿ ಹದಿನೈದು ದಿನ ರಜೆ ಹಾಕಿ ಊರಿಗೆ ಹೋದೆ. ಮೊದಲು ಲೆಕ್ಕ. ಕೋಣೆಯೊಳಗಿನ ಗಾಳಿ ಸುಮಾರು ಮೂವತ್ತು ಕೆಜಿ. ಅದನ್ನು ಹತ್ತು ಡಿಗ್ರಿ ಏರಿಸೋಕೆ ಒಂದು ಯೂನಿಟ್ಟಿನ ಹತ್ತರಲ್ಲೊಂದು ಪಾಲೂ ಬೇಡ. ಕಾವು ತಿನ್ನೋದು ಗಾಳಿಯಲ್ಲ, ಗೋಡೆ ಮತ್ತು ಹೆಂಚು. ಹೊರಗೆ 17, ಒಳಗೆ 27 ಇರಬೇಕಾದರೆ ಸುಮಾರು 1200 ವ್ಯಾಟು ಸೋರಿಹೋಗುತ್ತೆ, ಅದರಲ್ಲಿ ಅರ್ಧದ ಹತ್ತಿರ ಹೆಂಚಿನಿಂದಲೇ. ಹೆಂಚಿನ ಕೆಳಗೆ ಥರ್ಮೋಕೋಲ್ ಹೊಡೆಯೋಣ ಅಂತ ಹೊರಟವನು, ಅದಕ್ಕೆ ಬೆಂಕಿ ಬಿದ್ದರೆ ಹೇಗೆ ಉರಿಯುತ್ತೆ ಅಂತ ನೆನಪಾಗಿ ಬಿಟ್ಟೆ. ಚಾಮರಾಜನಗರದಿಂದ ಸಿಮೆಂಟ್ ಫೈಬರಿನ ಹಲಗೆ ತಂದು ಸೀಲಿಂಗ್ ಹೊಡೆಸಿದೆ. ಲೆಕ್ಕ 900 ವ್ಯಾಟಿನ ಆಸುಪಾಸಿಗೆ ಇಳಿಯಿತು. ನಾನು ಎಂಜಿನಿಯರಿಂಗ್ ಓದಿದ್ದು ಚಾಮರಾಜನಗರದಲ್ಲೇ. ಆಗ ಪರೀಕ್ಷೆಗೆ ಉರು ಹೊಡೆದ ಲೆಕ್ಕ ಹತ್ತು ವರ್ಷವಾಗುವುದರೊಳಗೆ ಅಲ್ಲೇ ಸಾಮಾನು ಕೊಳ್ಳೋಕೆ ಬಳಕೆಯಾಯ್ತು ನೋಡಿ :)

ಹೀಟರಿಗೆ ಎಣ್ಣೆ ತುಂಬಿದ ರೇಡಿಯೇಟರ್ ಆರಿಸಿದೆ. ಕೆಂಪಗೆ ಕಾಯುವ ತಂತಿ ಹೊರಗೆ ಕಾಣೋದಿಲ್ಲ, ಬಿದ್ದರೆ ತಾನೇ ಆರುತ್ತೆ. ಮೇನ್ ಬೋರ್ಡಿನಿಂದ ಬೇರೆಯೇ ವೈರು, 16 ಆಂಪಿಯರಿನ ಎಂಸಿಬಿ, ನೀರು ತಾಗಿದರೆ ಕಡಿದುಹೋಗಲಿ ಅಂತ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಎಕ್ಸ್‌ಟೆನ್ಷನ್ ಬಾಕ್ಸು ಬೇಡವೇ ಬೇಡ ಅಂದೆ. ನೀರು ಯಾಕೆ ಬಂತು ಅಂದರೆ, ಹುಳುವಿನ ಮನೆಗೂ ದೋಣಿಗೂ ಇರುವ ದೊಡ್ಡ ವ್ಯತ್ಯಾಸ ಅದೇ. ಅವನಿಗೆ ಒಣ ಕಾವು ಬೇಕು, ನಮಗೆ ಒದ್ದೆ ಕಾವು. 18 ಡಿಗ್ರಿಯಲ್ಲಿ ನೂರಕ್ಕೆ 80ರಷ್ಟು ತೇವ ಇರುವ ಗಾಳಿಯನ್ನು ಹಾಗೇ 28ಕ್ಕೆ ಏರಿಸಿದರೆ ತೇವ 44ಕ್ಕೆ ಇಳಿಯುತ್ತೆ. ಸೊಪ್ಪು ಗಂಟೆಯೊಳಗೆ ಮುದುಡುತ್ತೆ. ಹಾಗಾಗಿ ಅಪ್ಪನ ಹಳೇ ಪದ್ಧತಿಯೆಲ್ಲ ಉಳಿಯಿತು. ಗೋಡೆಗೆ ಒದ್ದೆ ಗೋಣಿಚೀಲ, ತಟ್ಟೆಯ ಸುತ್ತ ಒದ್ದೆ ಸ್ಪಂಜು, ಮೇಲೆ ಪ್ಯಾರಾಫಿನ್ ಕಾಗದ.

ಇನ್ನು ನನ್ನ ಹೆಮ್ಮೆಯ ಭಾಗ. ಒಂದು ಆರ್ಡುಯಿನೋ ಬೋರ್ಡು, ತಟ್ಟೆಯ ಹತ್ತಿರ ಒಂದು ಡಿಎಸ್18ಬಿ20 ಸಂವೇದಕ, ಒಂದು ರಿಲೇ, ನನ್ನ ಫೋನಿಗೆ ಸಂದೇಶ ಬರೋ ಏರ್ಪಾಡು. 26ಕ್ಕಿಂತ ಕೆಳಗಿದ್ದರೆ ಹೀಟರ್ ಹಚ್ಚು, 28 ದಾಟಿದರೆ ಆರಿಸು, ಅಷ್ಟೇ ಕಾರ್ಯಕ್ರಮ. ಅಪ್ಪ ಅದನ್ನು ಸುತ್ತಾಡಿ ನೋಡಿ, "ಇದ್ಕ ಮೂಗದಾ?" ಅಂದರು. ಸೊಪ್ಪಿನ ವಾಸನೆ, ಹುಳುವಿನ ವಾಸನೆಯಲ್ಲೇ ಅವರಿಗೆ ತೇವ ಗೊತ್ತಾಗುತ್ತೆ. ನಾನು ನಕ್ಕೆ. ಆವತ್ತು ರಾತ್ರಿ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅಂತ ಅವ್ವ ಹೇಳಿದ್ದು, ಚಾಕಿ ಕಟ್ಟಿದ ಮನೆಯಲ್ಲಿ ಅಪ್ಪ ಮಂಚದ ಮೇಲೆ ಮಲಗಿದರು.

ನಾಲ್ಕನೇ ರಾತ್ರಿ ಒಂಬತ್ತಕ್ಕೆ ಅವ್ವ ಗೋಣಿಚೀಲ ಬದಲಾಯಿಸುವಾಗ ಸಂವೇದಕದ ವೈರು ಎಳೆದು ಸಡಿಲವಾಗಿದೆ. ಯಾರಿಗೂ ಗೊತ್ತಿಲ್ಲ. ಈ ಸಂವೇದಕ ಸಿಗದೇ ಹೋದಾಗ ಅದರ ಲೈಬ್ರರಿ ಸುಮ್ಮನಿರಲ್ಲ, ಮೈನಸ್ 127 ಅನ್ನೋ ಸಂಖ್ಯೆ ಕೊಡುತ್ತೆ. 'ಸಂಪರ್ಕ ಇಲ್ಲ' ಅನ್ನೋದಕ್ಕೆ ಅದು ಗುರುತು, ಅದರ ಜೊತೆ ಬರುವ ಬರಹದಲ್ಲೇ ಇದೆ. ನಾನು ಓದಿದ್ದೆ ಕೂಡ. ಆದರೆ ನನ್ನ ಕಾರ್ಯಕ್ರಮದ ಪಾಲಿಗೆ ಮೈನಸ್ 127 ಅಂದರೆ 26ಕ್ಕಿಂತ ಕಡಿಮೆ. ತೆರಕಣಾಂಬಿ ಸೀಮೆಯಲ್ಲಿ ಅಂಟಾರ್ಕ್ಟಿಕಾಕ್ಕಿಂತ ಚಳಿ! ಹಚ್ಚು ಹೀಟರು. ರೇಡಿಯೇಟರಿನ ಸ್ವಂತ ಥರ್ಮೋಸ್ಟಾಟನ್ನು ನಾನೇ ಕೊನೆಯವರೆಗೆ ತಿರುಗಿಸಿಟ್ಟಿದ್ದೆ, ನನ್ನ ಕೋಡ್ ಇರುವಾಗ ಅದು ಯಾಕೆ ಅಂತ. ಇಷ್ಟು ಸಾಲದು ಅಂತ, ಲೆಕ್ಕ 900 ಹೇಳಿದ್ದರೂ ನಾನು ತಂದು ಹಚ್ಚಿದ್ದು 2000 ವ್ಯಾಟಿಗೆ. ಬೇಗ ಕಾಯಲಿ, ದೊಡ್ಡದೇ ಇರಲಿ... ಇಲ್ಲೇ ದೋಣಿಯವನ ಮಾತು ತಲೆಗೆ ಹೋಗದೇ ಇದ್ದದ್ದು.

ರಾತ್ರಿ ಎರಡಕ್ಕೆ ಅಪ್ಪ ಎದ್ದರು. ಅಲಾರಂ ಇಲ್ಲ, ಏನಿಲ್ಲ. ಇಪ್ಪತ್ತು ವರ್ಷ ಕೆಂಡ ಕೆದಕೋಕೆ ಎದ್ದ ಹೊತ್ತು ಅದು. ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದ ಹಾಗೆ ಬಂತಂತೆ ಝಳ. ಗೋಡೆಯ ತಾಪಮಾಪಕದಲ್ಲಿ 35. ಗೋಣಿಚೀಲ ಗರಿಗರಿ. ಅಪ್ಪ ಸ್ವಿಚ್ಚು ಆರಿಸಿ, ಬಾಗಿಲು ಕಿಟಕಿ ತೆಗೆದು, ಒಣಗಿದ ಸೊಪ್ಪಿನ ಮೇಲೆ ಹೊಸ ಸೊಪ್ಪು ಹೆಚ್ಚಿ ಹಾಕಿ, ಆಮೇಲೆ ನನ್ನನ್ನು ಎಬ್ಬಿಸಿದರು. ನನ್ನ ಫೋನಿನಲ್ಲಿ ನಲವತ್ತೇಳು ಸಂದೇಶ ಕಾಯ್ತಿದ್ದವು. ಎಲ್ಲದರಲ್ಲೂ ಮೈನಸ್ 127. ಫೋನು ಸೈಲೆಂಟಿನಲ್ಲಿತ್ತು.

ಅಪ್ಪ ಒಂದು ಮಾತು ಬೈಯಲಿಲ್ಲ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿದ್ದು ನಿಜ. ಬೆಳಗಾಗೋವರೆಗೆ ಇಬ್ಬರೂ ಜಗಲಿಯ ಮೇಲೆ ಕೂತಿದ್ದೆವು. ಚಾಕಿ ಹುಳು ದೊಡ್ಡ ಹುಳುವಿಗಿಂತ ಸೆಕೆ ತಡೆಯುತ್ತೆ, ಹಾಗಾಗಿ ಪೂರ್ತಿ ಹೋಗಲಿಲ್ಲ. ಆದರೆ ಹೀಟರಿನ ಪಕ್ಕದ ಸ್ಟ್ಯಾಂಡಿನ ಎರಡು ತಟ್ಟೆ ಚೆಲ್ಲಬೇಕಾಯ್ತು. ಉಳಿದವೂ ಜ್ವರಕ್ಕೆ ಒಂದೇ ಸಮ ಹೋಗಲಿಲ್ಲ. ಆ ಬೆಳೆಯ ಗೂಡನ್ನು ಅಪ್ಪ ಕೊಳ್ಳೇಗಾಲದ ಮಾರುಕಟ್ಟೆಗೆ ಹಾಕಿ ಬಂದು ಎಷ್ಟಕ್ಕೆ ಹೋಯ್ತು ಅಂತ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಮಾಡಿದ್ದನ್ನೆಲ್ಲ ಹೇಳಿಬಿಡ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಸಂವೇದಕದ ಸಂಖ್ಯೆ 5ರಿಂದ 45ರೊಳಗೆ ಇಲ್ಲದಿದ್ದರೆ ಹೀಟರ್ ಆರಬೇಕು. ಒಂದು ರಾತ್ರಿ ಚಳಿಯಾದರೆ ಹುಳು ಒಂದು ದಿನ ಹಿಂದೆ ಬೀಳುತ್ತೆ, ಅಷ್ಟೇ. ಅದು ತಡೆಯೋ ನಷ್ಟ. ರೇಡಿಯೇಟರಿನ ಗುಂಡಿ ಈಗ 1000 ವ್ಯಾಟಿನಲ್ಲಿದೆ, ರಿಲೇ ಅಂಟಿಕೊಂಡು ರಾತ್ರಿಯಿಡೀ ಉರಿದರೂ ಹೊರಗಿನ ಚಳಿಗಿಂತ ಹತ್ತು, ಹನ್ನೊಂದು ಡಿಗ್ರಿ ಮೇಲೇರುತ್ತೆ ಅಷ್ಟೇ. ಆದರೆ ಹಗಲು 28 ಇದ್ದಾಗ ಅದೇ ಹತ್ತು ಡಿಗ್ರಿ ಕೊಲ್ಲುತ್ತೆ, ಅದಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಕಡಿಯುವ ಒಂದು ಟೈಮರ್. ಇದರ ಜೊತೆ ನನ್ನ ಕೋಡಿಗೆ ಸಂಬಂಧವೇ ಇಲ್ಲದ ಒಂದು ಹಳೇ ಕಾಲದ ಥರ್ಮೋಸ್ಟಾಟು, ಅದೇ ವೈರಿನ ದಾರಿಯಲ್ಲಿ, 30ಕ್ಕೆ ಕಡಿಯುವ ಹಾಗೆ. ಗಂಟೆ ಈಗ ಬಾರಿಸೋದು ಬೆಂಗಳೂರಿನ ಫೋನಿನಲ್ಲಲ್ಲ, ಅಪ್ಪನ ಮಂಚದ ಮೇಲಿನ ಗೋಡೆಯಲ್ಲಿ.

ಕರೆಂಟು ಹೋದರೆ? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆರು ಗಂಟೆ ಹೀಟರು ಉರಿಯಬೇಕಾದರೆ ಆರು ಯೂನಿಟ್ ಬೇಕು, ಮನೆಯ ಯುಪಿಎಸ್‌ನ 150 ಆಂಪಿಯರ್ ಅವರಿನ ಬ್ಯಾಟರಿಯಲ್ಲಿ ಕಾಗದದ ಮೇಲೂ ಎರಡು ಯೂನಿಟ್ ಇಲ್ಲ. ಹಾಗಾಗಿ ಇದ್ದಿಲಿನ ಮೂಟೆ ಇನ್ನೂ ಮೂಲೆಯಲ್ಲಿದೆ. ಅಪ್ಪನ ಜೊತೆ ಮಾಡಿಕೊಂಡ ಒಪ್ಪಂದ ಇಷ್ಟು: ಕೆಂಡ ಒಳಗೆ ಹೋದರೆ ಮನುಷ್ಯ ಹೊರಗೆ. ಎರಡು ಕಡೆಯ ಕಿಂಡಿ ತೆಗೆದಿರಬೇಕು, ಜಗಲಿಯಲ್ಲಿ ಕೂತು ಆಗಾಗ ಹೋಗಿ ನೋಡಿ ಬರಬೇಕು, ಒಳಗೆ ಮಲಗೋ ಹಾಗಿಲ್ಲ. ಬಾಗಿಲ ಹತ್ತಿರ ಬ್ಯಾಟರಿಯ ಮೇಲೆ ನಡೆಯುವ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ನೇತುಹಾಕಿದ್ದೇನೆ. ಅವ್ವ ಅದಕ್ಕೆ 'ಗಾಳಿ ಗಂಟೆ' ಅಂತಾರೆ. ಪೂಜೆಯ ದಿನ ಅದಕ್ಕೂ ಒಂದು ಕುಂಕುಮದ ಬೊಟ್ಟು.

ಕಳೆದ ಸಲ ಹೋದಾಗ ರಾತ್ರಿ ಎರಡಕ್ಕೆ ನನಗೇ ಎಚ್ಚರವಾಯ್ತು. ಮಂಚದ ಮೇಲೆ ಅಪ್ಪ ಇರಲಿಲ್ಲ. ಎದ್ದು ಹೋಗಿ ನೋಡಿದರೆ ಚಾಕಿ ಕೋಣೆಯ ದೀಪ ಹಾಕಿಕೊಂಡು ನಿಂತಿದ್ದಾರೆ. ಪ್ಯಾರಾಫಿನ್ ಕಾಗದದ ಅಂಚೆತ್ತಿ ಅಂಗೈಯನ್ನು ತಟ್ಟೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು, "ಇಪ್ಪತ್ತೇಳದ" ಅಂದರು. ಪರದೆಯಲ್ಲಿ 26.8 ಇತ್ತು. ನೀವ್ಯಾಕೆ ಎದ್ರಿ, ಗಂಟೆ ಬಾರಿಸಲಿಲ್ಲವಲ್ಲ ಅಂದೆ. "ಬಾರಿಸ್ನಿಲ್ಲ, ಅದ್ಕೇ ನೋಡಂವ ಅಂತ ಬಂದಿ" ಅಂದು ದೀಪ ಆರಿಸಿದರು.

ಸಿಯಾಟಲ್‌ನವನಿಗೆ ಈ ಕಥೆಯನ್ನೇ ಉತ್ತರವಾಗಿ ಬರೆಯಬೇಕು. ಬರುವ ಶುಕ್ರವಾರ ಮೊಟ್ಟೆ ತರ್ತಾರಂತೆ. ಗುರುವಾರ ರಾತ್ರಿಯ ಗುಂಡ್ಲುಪೇಟೆ ಬಸ್ಸಿಗೆ ಹೊರಡಬೇಕು, ಸಂವೇದಕದ ವೈರು ಈ ಸಲ ಗೋಡೆಗೆ ಕ್ಲಿಪ್ ಹೊಡೆದು ಬಿಗಿಯೋದಿದೆ.